ಸಾಲದ ತಕರಾರು, ವ್ಯಾಪಾರದ ಕಾಗದ: ಏಜೆಂಟರಿಲ್ಲದೆ ನೀವೇ ಮಾಡಿಕೊಳ್ಳಿ

ಥಾಣೆ, ಕಲ್ಯಾಣ್ ಸ್ಟೇಷನ್‌ಗಳ ಆಸುಪಾಸಿನಲ್ಲಿ, ಡೊಂಬಿವಲಿಯ ಝೆರಾಕ್ಸ್ ಅಂಗಡಿಗಳ ಸಾಲಿನಲ್ಲಿ 'ಸಿಬಿಲ್ ಸರಿಪಡಿಸಿಕೊಡುತ್ತೇವೆ', 'ಗುಮಾಸ್ತಾ, ಉದ್ಯಮ್, ಫುಡ್ ಲೈಸೆನ್ಸ್ ಮಾಡಿಕೊಡುತ್ತೇವೆ' ಎನ್ನುವ ಏಜೆಂಟರಿಗೆ ಕೊರತೆಯಿಲ್ಲ. ಈ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಸರಕಾರ ಹಣವನ್ನೇ ಕೇಳುವುದಿಲ್ಲ, ಕೇಳಿದರೂ ಅಲ್ಪ ಶುಲ್ಕ. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಜಿಎಸ್‌ಟಿ ನೋಂದಣಿಗೂ ಶುಲ್ಕವಿಲ್ಲ. ಕ್ರೆಡಿಟ್ ವರದಿಯಲ್ಲಿರುವ ತಪ್ಪನ್ನು ತಿದ್ದಿಸುವುದು ಸಾಲಗಾರನ ಹಕ್ಕು.

ಆದರೂ ಹೋಟೆಲ್ ಕಾರ್ಮಿಕರು, ಕ್ಯಾಟರಿಂಗ್ ನಡೆಸುವವರು, ಮನೆಯಲ್ಲೇ ಟಿಫಿನ್ ಡಬ್ಬಿ ತಯಾರಿಸುವ ಮಹಿಳೆಯರು ಈ ಉಚಿತ ಕೆಲಸಗಳಿಗೆ ಸಾವಿರಗಟ್ಟಲೆ ಕೊಡುತ್ತಿದ್ದಾರೆ. ಕಾಗದಪತ್ರವೆಂದರೆ ಇರುವ ಭಯವೇ ಇದಕ್ಕೆ ಕಾರಣ. ಈ ಕಾನೂನುಗಳು ಕೇಳುವುದು ಮುಖ್ಯವಾಗಿ ಒಂದೇ ಪ್ರಶ್ನೆಯನ್ನು: ಯಾವ ದಿನ ಬರೆದು ಕೊಟ್ಟಿರಿ? 15 ದಿನ, 30 ದಿನ, 45 ದಿನ, 3 ವರ್ಷ ಎಂಬ ಗಡುವುಗಳ ಮೇಲೆ ಎಲ್ಲವೂ ನಿಂತಿದೆ. ದಿನಾಂಕವಿರುವ ಸ್ವೀಕೃತಿ ಕೈಯಲ್ಲಿದ್ದವರಿಗೆ ಮುಂದಿನ ದಾರಿ ಸುಲಭವಾಗುತ್ತದೆ.

ಹಂತ 1: ವರದಿ ತರಿಸಿಕೊಳ್ಳಿ

ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಇವು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಗೆ ಒಳಪಟ್ಟಿವೆ. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಇವುಗಳಿಗೆ ವಿಧಿಸಿದೆ. ಮೂರು ತಿಂಗಳಿಗೊಂದು ಕಂಪನಿಯಿಂದ ತರಿಸಿಕೊಂಡರೆ ವರ್ಷವಿಡೀ ಬಿಡಿಗಾಸಿಲ್ಲದೆ ನಿಗಾ ಇಡಬಹುದು.

ಸ್ಕೋರು 300ರಿಂದ 900ರವರೆಗೆ ಇರುತ್ತದೆ. ಆದರೆ ಕಣ್ಣು ಹಾಯಿಸಬೇಕಾದದ್ದು ಆ ಅಂಕಿಯ ಕೆಳಗಿನ ಖಾತೆಗಳ ಪಟ್ಟಿಯ ಮೇಲೆ. ನಿಮ್ಮದಲ್ಲದ ಸಾಲ ಅಲ್ಲಿದೆಯೇ? ತೀರಿಸಿದ ಸಾಲ ಇನ್ನೂ ಬಾಕಿ ಎಂದಿದೆಯೇ? 'ಕ್ಲೋಸ್ಡ್' ಎಂದಿರಬೇಕಾದಲ್ಲಿ 'ಸೆಟಲ್ಡ್' ಎಂದಿದೆಯೇ? ಬ್ಯಾಂಕು ಒಂದಿಷ್ಟು ಬಿಟ್ಟುಕೊಟ್ಟು ಲೆಕ್ಕ ಮುಗಿಸಿದರೆ 'ಸೆಟಲ್ಡ್' ಎಂದು ದಾಖಲಾಗುತ್ತದೆ. ಮುಂದೆ ಮನೆ ಸಾಲ ಕೇಳುವಾಗ ಇದೇ ಅಡ್ಡಿಯಾಗುತ್ತದೆ. ಆದ್ದರಿಂದ ಕೊನೆಯ ಕಂತು ಕಟ್ಟಿದ ಕೂಡಲೇ 'ನೋ ಡ್ಯೂಸ್' ಪತ್ರ ಪಡೆದು ಜೋಪಾನವಾಗಿಡಿ.

ಹಂತ 2: ತಪ್ಪಿದ್ದರೆ ಬರೆದು ಕೊಡಿ, ದಿನ ಎಣಿಸಿ

ದೂರನ್ನು ಕ್ರೆಡಿಟ್ ಕಂಪನಿಯ ಜಾಲತಾಣದಲ್ಲಿ ದಾಖಲಿಸಿ, ಸಾಲ ಕೊಟ್ಟ ಸಂಸ್ಥೆಗೂ ಇಮೇಲ್ ಮಾಡಿ. ಶಾಖೆಗೆ ಹೋಗಿ ಕೊಡುವುದಾದರೆ ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ.

30 ದಿನಗಳಲ್ಲಿ ದೂರು ಬಗೆಹರಿಯಬೇಕು. ಇದರಲ್ಲಿ ಸಾಲ ಕೊಟ್ಟ ಸಂಸ್ಥೆಗೆ ತಿದ್ದಿದ ಮಾಹಿತಿ ಕಳಿಸಲು 21 ದಿನ. ಉಳಿದ ಸಮಯ ಕ್ರೆಡಿಟ್ ಕಂಪನಿಯದು. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಉದಾಹರಣೆಗೆ, ಜೂನ್ 1ರಂದು ಕೊಟ್ಟ ದೂರಿನ ಗಡುವು ಜುಲೈ 1ಕ್ಕೆ ಮುಗಿಯುತ್ತದೆ. ಅದು ಜುಲೈ 21ಕ್ಕೆ ಬಗೆಹರಿದರೆ 20 ದಿನ ತಡ, ಪರಿಹಾರ 2,000 ರೂಪಾಯಿ. ದೂರು ನೋಂದಾಯಿಸುವಾಗಲೇ ಬ್ಯಾಂಕ್ ಖಾತೆಯ ವಿವರ ಕೊಟ್ಟಿರಿ.

ಹಂತ 3: ಉತ್ತರ ಬಾರದಿದ್ದರೆ ಲೋಕಪಾಲರಿಗೆ

30 ದಿನ ಕಳೆದರೂ ಉತ್ತರವಿಲ್ಲ, ಬಂದ ಉತ್ತರ ಸಮಾಧಾನ ತರಲಿಲ್ಲ ಎಂದಾದರೆ ರಿಸರ್ವ್ ಬ್ಯಾಂಕ್ ಲೋಕಪಾಲರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 2021ರ ನವೆಂಬರ್‌ನಲ್ಲಿ ಎಲ್ಲ ಲೋಕಪಾಲ ಯೋಜನೆಗಳು ಒಂದಾದ ಮೇಲೆ ದೂರು ಕೊಡುವ ಜಾಗವೂ ಒಂದೇ: ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್. ಸಹಾಯವಾಣಿ 14448ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮರಾಠಿ, ಇಂಗ್ಲಿಷಿನಲ್ಲಿ ತಡವರಿಸುವವರಿಗೆ ಇದು ದೊಡ್ಡ ಅನುಕೂಲ.

ಒಂದು ವಿಷಯ ನೆನಪಿರಲಿ. ಈ ಪ್ರದೇಶದಲ್ಲಿ ಅನೇಕರ ಸಾಲ ಬ್ಯಾಂಕಿನದಲ್ಲ, ಪತ್‌ಪೇಢಿಯದು, ಅಂದರೆ ಪತ್ತಿನ ಸಹಕಾರ ಸಂಘದ್ದು. ಅದು ಲೋಕಪಾಲರ ವ್ಯಾಪ್ತಿಗೆ ಬರುವುದಿಲ್ಲ. ಆ ದೂರು ಸಹಕಾರ ಇಲಾಖೆಯ ನಿಬಂಧಕರಿಗೆ ಹೋಗಬೇಕು. ಸರಕಾರಿ ಕಚೇರಿಗೆ ಅರ್ಜಿ ಕೊಟ್ಟಾಗ 'ಆವಕ್-ಜಾವಕ್' (ಒಳಬರುವ, ಹೊರಹೋಗುವ ಪತ್ರಗಳ) ಕೌಂಟರಿನ ಮೊಹರು ಇಲ್ಲದೆ ಹೊರಬರಬೇಡಿ.

ಹಂತ 4: ವಸೂಲಿಗೆ ಬಂದರೆ

ಕಂತು ತಪ್ಪಿದ ಮಾತ್ರಕ್ಕೆ ಮರ್ಯಾದೆ ಕಳೆಯುವ ಅಧಿಕಾರ ಯಾರಿಗೂ ಇಲ್ಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲ ವಸೂಲಿಗೆ ಕರೆ ಮಾಡಕೂಡದು. ಬಂಧುಮಿತ್ರರ ಮುಂದೆ ಅವಮಾನಿಸಕೂಡದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಕರೆಯ ಸಮಯ, ನಂಬರು, ಆಡಿದ ಮಾತು ಬರೆದಿಡಿ. ಬಂದವರ ಗುರುತುಪತ್ರ, ಅಧಿಕಾರಪತ್ರ ಕೇಳಿ. ಆ್ಯಪ್ ಮೂಲಕ ಸಾಲ ಕೊಟ್ಟವರು ಫೋಟೋ ತಿರುಚಿ ಬೆದರಿಸಿದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಖಾಸಗಿ ಬಡ್ಡಿ ವ್ಯಾಪಾರಿಗಳ ವಿಚಾರ ಬೇರೆ. 2014ರ ಮಹಾರಾಷ್ಟ್ರ ಲೇವಾದೇವಿ ನಿಯಂತ್ರಣ ಕಾಯ್ದೆಯಂತೆ ಬಡ್ಡಿ ವ್ಯವಹಾರಕ್ಕೆ ಪರವಾನಗಿ ಬೇಕು. ಇಲ್ಲದೆ ನಡೆಸುವುದು ಜೈಲುಶಿಕ್ಷೆಯಾಗಬಹುದಾದ ಅಪರಾಧ. ಇದರ ದೂರೂ ಸಹಕಾರ ಇಲಾಖೆಗೇ. ಹೀಗೆ ಸಾಲ ಕೊಡುವವರು ಸಹಿ ಹಾಕಿದ ಖಾಲಿ ಚೆಕ್ ಕೇಳುತ್ತಾರೆ. ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಅದರ ನಂಬರು ಬರೆದಿಟ್ಟು, ಸಾಲ ತೀರಿದ ದಿನವೇ ಲಿಖಿತವಾಗಿ ವಾಪಸ್ ಕೇಳಿ.

ಚೆಕ್ ಬೌನ್ಸ್ ಪ್ರಕರಣದಲ್ಲಿ ದಿನಗಳ ಲೆಕ್ಕ ಇನ್ನೂ ಬಿಗಿ. ಬ್ಯಾಂಕಿನ ಮೆಮೊ ಸಿಕ್ಕ 30 ದಿನಗಳಲ್ಲಿ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದವರಿಗೆ ಹಣ ಕೊಡಲು 15 ದಿನ ಅವಕಾಶ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳಲ್ಲಿ ನ್ಯಾಯಾಲಯಕ್ಕೆ ದೂರು. ನೋಟಿಸ್ ನಿಮಗೇ ಬಂದಿದ್ದರೆ ಆ 15 ದಿನಗಳನ್ನು ಸುಮ್ಮನೆ ಕಳೆಯಬೇಡಿ. ಸಾಮಾನ್ಯ ಕೈಸಾಲದ ದಾವೆಗೆ 3 ವರ್ಷದ ಗಡುವಿದೆ. ಅದರೊಳಗೆ ಸಾಲಗಾರ 'ಬಾಕಿ ಇದೆ' ಎಂದು ಬರೆದು ಸಹಿ ಮಾಡಿದರೆ ಗಡುವು ಹೊಸದಾಗಿ ಶುರುವಾಗುತ್ತದೆ. ಕೊಟ್ಟವರೂ ಪಡೆದವರೂ ತಿಳಿದಿರಬೇಕಾದ ಸಂಗತಿ ಇದು.

ಹಂತ 5: ವ್ಯಾಪಾರದ ನಾಲ್ಕು ಕಾಗದ

ಉದ್ಯಮ್: 2020ರ ಜುಲೈ 1ರಿಂದ ಇರುವ, ಸಣ್ಣ ಉದ್ದಿಮೆಗಳ ಈ ನೋಂದಣಿಗೆ ಆಧಾರ್, ಪ್ಯಾನ್ ಸಾಕು. ಹಣ ಕೇಳುವ ಜಾಲತಾಣ ತೆರೆದುಕೊಂಡರೆ ಅದು ಸರಕಾರದ್ದಲ್ಲ ಎಂದು ತಿಳಿಯಿರಿ.

ಗುಮಾಸ್ತಾ, ಅಂದರೆ ಅಂಗಡಿ ನೋಂದಣಿ: ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆ ಬಂದ ಮೇಲೆ ಕೆಲವೇ ಕೆಲಸಗಾರರಿರುವ ಅಂಗಡಿಗೆ ನೋಂದಣಿ ಬೇಕಿಲ್ಲ, ಕಾರ್ಮಿಕ ಇಲಾಖೆಗೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಿದರೆ ಸಾಕು. ಆ ರಶೀದಿಯನ್ನೇ ಚಾಲ್ತಿ ಖಾತೆ ತೆರೆಯುವಾಗ ತೋರಿಸಬಹುದು.

ಆಹಾರ ಪರವಾನಗಿ: ಮನೆಯ ಟಿಫಿನ್ ಡಬ್ಬಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಫಾಸ್ಕಾಸ್ ಪೋರ್ಟಲಿನಲ್ಲಿ ಅರ್ಜಿ. ಸಿಗುವ 14 ಅಂಕಿಗಳ ಸಂಖ್ಯೆಯನ್ನು ಬಿಲ್ಲಿನಲ್ಲಿ ಮುದ್ರಿಸಿ.

ಜಿಎಸ್‌ಟಿ: ಮಹಾರಾಷ್ಟ್ರದಲ್ಲಿ ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಹೋಟೆಲ್, ಕ್ಯಾಟರಿಂಗ್ ಸೇವೆಯ ಸಾಲಿಗೆ ಸೇರುತ್ತವೆ. ಕರ್ನಾಟಕದ ಊರಿನಲ್ಲೂ ಒಂದು ಅಂಗಡಿ ಇದ್ದರೆ ಅದಕ್ಕೆ ಬೇರೆಯೇ ನಂಬರು: ಮಹಾರಾಷ್ಟ್ರದ್ದು 27ರಿಂದ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ.

ಇವುಗಳ ಜೊತೆಗೆ ಥಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬಯಿ ಎಂಬ ಮೂರು ಮಹಾನಗರಪಾಲಿಕೆಗಳು ಬೇರೆ ಬೇರೆ ಎನ್ನುವುದನ್ನು ಮರೆಯಬಾರದು. ಡೊಂಬಿವಲಿಯ ಹೋಟೆಲಿಗೆ ಪಾಲಿಕೆ ಕೊಟ್ಟ ಪರವಾನಗಿ ವಾಶಿಯ ಎರಡನೇ ಶಾಖೆಗೆ ನಡೆಯದು.

ಹಂತ 6: ಬರಬೇಕಾದ ಬಾಕಿಗೆ 45 ದಿನ

ನವಿ ಮುಂಬಯಿಯ ಟಿಟಿಸಿ ಕೈಗಾರಿಕಾ ಪ್ರದೇಶದ ಕಂಪನಿಗೆ ಕ್ಯಾಂಟೀನ್ ಊಟ ಕೊಡುವವರು, ಡೊಂಬಿವಲಿ ಎಂಐಡಿಸಿಯಲ್ಲಿ ಸಣ್ಣ ಲೇತ್ ನಡೆಸುವವರು ಬಾಕಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರಕಾರದ ಎಂಎಸ್‌ಎಂಇ ಪೋರ್ಟಲಿನಲ್ಲಿ ದೂರು ಸಲ್ಲಿಸಬಹುದು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ, ಡೆಲಿವರಿ ಚಲನ್ ಮೇಲೆ ಪಡೆದವರ ಸಹಿ ಮತ್ತು ದಿನಾಂಕ ಇರಲಿ. ಸರಕು ಕೊಡುವ ಮೊದಲೇ ಉದ್ಯಮ್ ನೋಂದಣಿ ಆಗಿದ್ದರೆ ತಕರಾರು ಕಡಿಮೆ. ಕೊಂಡು ಮಾರುವ ವ್ಯಾಪಾರಿಗಳು ಉದ್ಯಮ್ ಪಡೆದರೂ ಈ ರಕ್ಷಣೆ ಅವರಿಗೆ ಅನ್ವಯಿಸುವುದಿಲ್ಲ. ತಯಾರಕರಿಗೆ, ಸೇವೆ ಕೊಡುವವರಿಗೆ ಮಾತ್ರ.

ಯಾವಾಗ ನೆರವು ಬೇಕು

ಅರ್ಜಿ, ದೂರು, ನೋಂದಣಿ ಇವೆಲ್ಲ ಸ್ವಂತವಾಗಿ ಆಗುವ ಕೆಲಸ. ಬರೆಯಲು ತೊಡಕಾದವರಿಗೆ ಡೊಂಬಿವಲಿಯಲ್ಲಿ ಮಂಜುನಾಥ ವಿದ್ಯಾಲಯ ನಡೆಸುವ ಕರ್ನಾಟಕ ಸಂಘದಂಥ ಸಂಸ್ಥೆಗಳು ರಜಾದಿನಗಳಲ್ಲಿ ಒಂದು ಸಹಾಯ ಮೇಜು ಇಟ್ಟರೆ ನೂರಾರು ಕುಟುಂಬಗಳ ಹಣ ಉಳಿದೀತು.

ಆದರೆ ನ್ಯಾಯಾಲಯದ ಸಮನ್ಸ್, ಚೆಕ್ ಬೌನ್ಸ್ ನೋಟಿಸ್, ಮನೆ ಜಪ್ತಿಯ ನೋಟಿಸ್ ಬಂದರೆ ಒಬ್ಬರೇ ನಿಭಾಯಿಸಲು ಹೋಗಬೇಡಿ. ಅಂಥವರು ಥಾಣೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಎರಡೂ ಕಡೆ ಒಪ್ಪಿದರೆ ಪ್ರಕರಣವನ್ನು ಲೋಕ ಅದಾಲತ್‌ನಲ್ಲಿ ಮುಗಿಸಬಹುದು. ಶುಲ್ಕವಿಲ್ಲ, ಮೊದಲೇ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಸಿಗುತ್ತದೆ. ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಆದ್ದರಿಂದ ಒಪ್ಪಂದದ ಮೊತ್ತ, ಕಂತಿನ ದಿನಾಂಕ, ಹಳೆಯ ಚೆಕ್ಕುಗಳ ವಾಪಸಾತಿ, ಕ್ರೆಡಿಟ್ ವರದಿಯಲ್ಲಿ ಆಗಬೇಕಾದ ತಿದ್ದುಪಡಿ, ಈ ನಾಲ್ಕೂ ಅದರಲ್ಲಿ ಬರೆದಿವೆಯೇ ಎಂದು ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ.