ಕೂಡು ಪ್ರಾರ್ಥನೆಯೂ ದೇವಸಾನ್ನಿಧ್ಯವೂ



ಶಾಲೆಯ ಪ್ರಾರ್ಥನಾಮಂದಿರದಲ್ಲಿ ನೂರಾರು ಕಂಠಗಳು ಒಂದಾಗಿ ಹಾಡುವಾಗ ದೇವರು ಸಮೀಪದಲ್ಲಿದ್ದಾನೆಂದು ನಂಬುವದು ಸುಲಭ. ರಜೆ ಬಂದು ನೀವು ಕಂಪ್ಲಿಗೋ ಸಂಡೂರಿಗೋ ಹಂಪೆಯ ಸುತ್ತಣ ಹಳ್ಳಿಗಳಿಗೋ ಹಿಂದಿರುಗಿದಾಗ ಸಂಗತಿ ಬೇರೆ. ಬೀದಿಗೆ ಒಂದೇ ಕ್ರೈಸ್ತ ಮನೆ. ಅದರಲ್ಲಿ ದುಡಿದು ದಣಿದ ತಾಯಿ, ಓದು ಬಾರದ ಅಜ್ಜಿ, ತೂಕಡಿಸುವ ತಮ್ಮ. “ಅಲ್ಲಿ ಪ್ರಾರ್ಥಿಸಿದರೆ ಮನಸ್ಸಿಗೆ ಏನೂ ಅನ್ನಿಸುವದಿಲ್ಲ” ಎಂದು ಮೇಲಿನ ತರಗತಿಯ ಹುಡುಗಿಯರು ಹೇಳುವದುಂಟು. ಆ ಮಾತನ್ನು ಗದರಿಸಿ ಅಡಗಿಸುವದು ತಕ್ಕದ್ದಲ್ಲ. ಶಾಲೆ ಬಿಟ್ಟ ಮೇಲೆ ನಿಮ್ಮಲ್ಲಿ ಅನೇಕರು ಬಾಳತಕ್ಕದ್ದು ಅಂಥ ಮನೆಗಳಲ್ಲಿಯೇ.

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯವನ್ನು ತೆರೆಯಿರಿ. ತನ್ನ ಹೆಸರಿನಲ್ಲಿ ಕೂಡುವವರ ನಡುವೆ ತಾನಿರುವೆನೆಂದು ಕರ್ತನು ವಾಗ್ದಾನ ಮಾಡಿದ್ದು 20ನೆಯ ವಚನದಲ್ಲಿ. ಆತನು ಬೇಡಿದ ಸಂಖ್ಯೆ ಬಹು ಚಿಕ್ಕದು: ಎರಡು, ಇಲ್ಲವೆ ಮೂರು. ಯೆಹೂದ್ಯರ ಸಂಪ್ರದಾಯದಲ್ಲಿ ಸಭೆಯ ಪ್ರಾರ್ಥನೆಗೆ ಹತ್ತು ಮಂದಿ ಗಂಡಸರು ಕೂಡಬೇಕು. ಕರ್ತನ ಲೆಕ್ಕದಲ್ಲಿ ಅಜ್ಜಿಯೂ ಮೊಮ್ಮಗಳೂ ಸಾಕು. ಫಿಲಿಪ್ಪಿ ಪಟ್ಟಣದಲ್ಲಿ ಪೌಲನು ಕಂಡದ್ದೂ ನಮ್ಮ ತುಂಗಭದ್ರೆಯಂಥ ಒಂದು ಹೊಳೆಯ ದಡದಲ್ಲಿ ಕೂಡಿದ ಹೆಂಗಸರನ್ನೇ. ಅವರಲ್ಲೊಬ್ಬಳಾದ ಲುದ್ಯಳ ಮನೆ ಬಳಿಕ ಸಹೋದರರು ಕೂಡುವ ಸ್ಥಳವಾಯಿತು.

ಆದರೆ ಆ ವಚನವನ್ನು ಮಾತ್ರ ಬಾಯಿಪಾಠ ಮಾಡಿ ಮುಂದೆ ಹೋಗಬೇಡಿರಿ. ಅದರ ಹಿಂದೆ ಏನಿದೆ? ತಪ್ಪುಮಾಡಿದ ಸಹೋದರನನ್ನು ಒಬ್ಬೊಂಟಿಯಾಗಿ ಕಂಡು ಮಾತಾಡಬೇಕೆಂಬ ಬೋಧನೆ. ಮುಂದೆ ಏನಿದೆ? ಎಷ್ಟು ಸಾರಿ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆ. ಎರಡು ಜಗಳದ ಪಾಠಗಳ ನಡುವೆ ಈ ವಾಗ್ದಾನವನ್ನು ಇಟ್ಟಿರುವದು ಆಕಸ್ಮಿಕವೆಂದು ನನಗೆ ತೋರುವದಿಲ್ಲ. ಏಕಾಂತ ಪ್ರಾರ್ಥನೆಯನ್ನೂ ಆತನೇ ಕಲಿಸಿದನು, ನಿಜ. ಆದರೆ ಕೋಣೆಯ ಬಾಗಿಲು ಮುಚ್ಚಿದಾಗ ತಂಗಿಯೊಡನೆ ಆಡಿದ ಕಟುನುಡಿಯನ್ನು ಮರೆಯಬಹುದು. ಅವಳ ಮಗ್ಗುಲಲ್ಲಿ ಮೊಣಕಾಲೂರಿದಾಗ ಮರೆಯಲಾಗದು. ನಲ್ಲಿಯ ಬಳಿ ಕೊಡಕ್ಕಾಗಿ ಜಗಳವಾಡಿದವಳ ಹೆಸರೆತ್ತಿ ಗಟ್ಟಿಯಾಗಿ ಪ್ರಾರ್ಥಿಸಿ ನೋಡಿರಿ. ಮೊದಲು ನಾಲಿಗೆ ತಡವರಿಸುತ್ತದೆ. ಆಮೇಲೆ ಎದೆಯೊಳಗಿನ ಗಂಟು ಸಡಿಲವಾಗುತ್ತದೆ. ಅದನ್ನು ಸಡಿಲಿಸಿದ್ದು ನಮ್ಮ ಬಲವಲ್ಲವೆಂದು ತಿಳಿಯುವದೇ ಸಾನ್ನಿಧ್ಯದ ಅನುಭವ. ಕಣ್ಣೀರನ್ನು ನಾನು ಅಷ್ಟಾಗಿ ನಂಬುವದಿಲ್ಲ. ಸಂಜೆಯ ಕೂಟಗಳಲ್ಲಿ ಅದು ಸುಲಭವಾಗಿ ಬರುತ್ತದೆ.

ಮುಂಚಿನ 19ನೆಯ ವಚನದಲ್ಲಿ ಒಮ್ಮನಸ್ಸಾಗುವದಕ್ಕೆ ಗ್ರೀಕ್ ಮೂಲದಲ್ಲಿರುವ ಪದದ ಅರ್ಥ ‘ಕೂಡಿ ಧ್ವನಿಸುವದು’. ಹಂಪೆಯ ವಿಠ್ಠಲ ದೇವಾಲಯದ ಸಣ್ಣ ಕಂಬಗಳನ್ನು ನೀವು ಕಂಡಿದ್ದೀರಿ. (ಈಗ ಅವನ್ನು ತಟ್ಟಿ ನೋಡುವದಕ್ಕೆ ಅಪ್ಪಣೆಯಿಲ್ಲ, ಒಳ್ಳೆಯದೇ ಆಯಿತು.) ಒಂದೇ ಕಲ್ಲಿನಿಂದ ಕಡೆದವುಗಳಾದರೂ ಅವುಗಳ ಸ್ವರ ಬೇರೆಬೇರೆ. ಒಮ್ಮನಸ್ಸೆಂದರೆ ಎಲ್ಲರೂ ಒಂದೇ ಮಾತನ್ನು ಒಪ್ಪಿಸುವದೆಂದು ತಿಳಿಯಬಾರದು.

ಆದಕಾರಣ ಮನೆಯ ಪ್ರಾರ್ಥನೆಯಲ್ಲಿ ನೀವೇ ಎಲ್ಲವನ್ನೂ ಮಾತಾಡಬೇಡಿರಿ. ನೀವು ಓದಿರಿ, ಅಜ್ಜಿ ಪ್ರಾರ್ಥಿಸಲಿ. ಅವರ ಮಾತನ್ನು ತಿದ್ದಬೇಡಿರಿ. ಮನೆಮಾತಿನಲ್ಲಿ ಓದುವ ಈ ಭಾಗ್ಯವೂ ತಾನಾಗಿ ಬಂದದ್ದಲ್ಲ. 1810ರಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಗೆ ಬಂದಾಗ ಕನ್ನಡದಲ್ಲಿ ಅಚ್ಚಾದ ಸತ್ಯವೇದವಿರಲಿಲ್ಲ. ಅವರೂ ವಿಲಿಯಂ ರೀವ್ ಮೊದಲಾದ ಜೊತೆಗಾರರೂ ದುಡಿದ ಫಲವಾಗಿ 1831ರ ವೇಳೆಗೆ ಅದು ಪೂರ್ತಿಯಾಗಿ ಹೊರಬಂತು.

ಚಿಕ್ಕ ಕೂಟವೆಂದು ಕುಗ್ಗುವವರು ಮಾರ್ಚ್ ತಿಂಗಳ ಮೊದಲನೆಯ ಶುಕ್ರವಾರವನ್ನು ನೆನಸಲಿ. ಸ್ತ್ರೀಯರು ಆರಂಭಿಸಿದ ಪ್ರಾರ್ಥನಾದಿನವು 1927ರಿಂದ ಲೋಕವ್ಯಾಪಕವಾಗಿದೆ. ಪ್ರತಿವರ್ಷವೂ ಒಂದೊಂದು ದೇಶದ ಸ್ತ್ರೀಯರು ಬರೆದ ಕ್ರಮವನ್ನು ನೂರಕ್ಕೂ ಹೆಚ್ಚು ದೇಶಗಳಲ್ಲಿ ಅನುಸರಿಸುತ್ತಾರೆ. ಹೊಸಪೇಟೆಯ ಒಂದು ಅಡಿಗೆಮನೆಯಲ್ಲಿ ಇಬ್ಬರು ಕೂತರೂ ಆ ದೊಡ್ಡ ಸಭೆಯಲ್ಲಿ ಸೇರಿದವರೇ.

ಈ ರಜೆಯಲ್ಲಿ ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವನ್ನು ಮನೆಯವರೊಡನೆ ಓದಿರಿ. ಸೆರೆಯಲ್ಲಿದ್ದ ಪೇತ್ರನಿಗಾಗಿ ಸಭೆಯು ಆಸಕ್ತಿಯಿಂದ ಪ್ರಾರ್ಥಿಸುತ್ತಿತ್ತು; ಅವನು ಬಿಡುಗಡೆಯಾಗಿ ಬಂದು ಕದ ತಟ್ಟಿದಾಗ ಪ್ರಾರ್ಥಿಸುತ್ತಿದ್ದವರೇ ನಂಬಲಿಲ್ಲ. ಧ್ವನಿಯನ್ನು ಗುರುತಿಸಿದವಳು ರೋದೆಯೆಂಬ ಸೇವಕಿ ಹುಡುಗಿ. ಅವಳು ಸಂತೋಷದಲ್ಲಿ ಕದ ತೆರೆಯದೆಯೇ ಒಳಗೆ ಓಡಿದಳು, ಹಿರಿಯರು ಅವಳಿಗೆ ಹುಚ್ಚೆಂದರು. ಆ ಮನೆಯಲ್ಲಿ ನೀವು ಎಲ್ಲಿ ಕೂತಿರುತ್ತಿದ್ದಿರಿ ಎಂಬದನ್ನು ಶಾಲೆ ತೆರೆದ ಮೇಲೆ ನನಗೆ ಬರೆದು ಕೊಡಿರಿ.