ಬೆಂಜ್ ಕಾರೇ ಆಗಬೇಕೇ?

ಪ್ರಶ್ನೆ: ತುಮಕೂರಿನ ಹತ್ತಿರ ನಮ್ಮದೊಂದು ಮಷೀನ್ ಶಾಪ್ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಮುಂದಿನ ತಿಂಗಳು ಜಪಾನಿನ ಕಂಪನಿಯೊಂದರಿಂದ ಮೂವರು ನಮ್ಮ ಕೆಲಸ ನೋಡಲು ಬರುತ್ತಿದ್ದಾರೆ. ಅರವತ್ತು ದಾಟಿದ ಒಬ್ಬ ಡೈರೆಕ್ಟರು, ಕ್ವಾಲಿಟಿ ವಿಭಾಗದ ಮುಖ್ಯಸ್ಥರು, ಅವರಿಬ್ಬರ ಮಾತನ್ನು ಇಂಗ್ಲಿಷಿಗೆ ತಿಳಿಸಲು ಒಬ್ಬ ಕಿರಿಯ ಎಂಜಿನಿಯರ್. ರಾತ್ರಿ ಹನ್ನೊಂದಕ್ಕೆ ವಿಮಾನ ಇಳಿಯುತ್ತದೆ. ಬೆಂಗಳೂರಿನ ಹೋಟೆಲಿನಲ್ಲಿ ಮಲಗಿ ಬೆಳಗ್ಗೆ ಫ್ಯಾಕ್ಟರಿಗೆ ಬರುತ್ತಾರೆ. ಟ್ರಾವೆಲ್ಸ್‌ನವರು ಬೆಂಜ್ ಇ-ಕ್ಲಾಸ್ ತಗೊಳ್ಳಿ ಅನ್ನುತ್ತಾರೆ. ನಮ್ಮ ಭಾವ ತಮ್ಮದೇ ಬೆಂಜ್ ಕೊಡುತ್ತಾರಂತೆ, ದಿನಕ್ಕೆ ಇಷ್ಟು ಅಂತ ಕೊಟ್ಟರೆ ಸಾಕಂತೆ. ಹಳದಿ ಬೋರ್ಡ್ ಗಾಡಿ ಕಳಿಸಿದರೆ ಮರ್ಯಾದೆ ಹೋಗುತ್ತೆ ಅನ್ನುವುದು ಅವರ ವಾದ. ಅಪ್ಪನದು ಒಂದೇ ಮಾತು: "ಇನ್ನೋವಾ ಕಳಿಸು, ಸಾಕು." ನಮ್ಮನ್ನು ಸಣ್ಣವರು ಅಂದುಕೊಂಡು ಆರ್ಡರ್ ಕೊಡದೆ ಹೋದರೆ ಅಂತ ನಿದ್ದೆಯೇ ಬರುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ತಂದೆಯವರ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಯಾವ ಇನ್ನೋವಾ, ಯಾವ ಡ್ರೈವರ್ ಅನ್ನುವುದರಲ್ಲಿದೆ.

ಮೊದಲು ತಲೆ ಮತ್ತು ಪೆಟ್ಟಿಗೆಗಳ ಲೆಕ್ಕ ಹಾಕೋಣ. ಮೂರು ಜನ, ಮೂರು ದೊಡ್ಡ ಸೂಟ್‌ಕೇಸು, ಜೊತೆಗೆ ಲ್ಯಾಪ್‌ಟಾಪ್ ಬ್ಯಾಗುಗಳು. ಇವಿಷ್ಟನ್ನೂ ಇ-ಕ್ಲಾಸಿಗೆ ಮನಸ್ಸಿನಲ್ಲೇ ಏರಿಸಿ ನೋಡಿ. ಎಂಜಿನ್ ಮುಂದಿದ್ದು ಹಿಂದಿನ ಚಕ್ರ ಓಡಿಸುವ ಕಾರು ಅದು. ಹಾಗಾಗಿ ಹಿಂಬದಿಯಲ್ಲಿ ಕಾಲಿಡುವ ಜಾಗದ ನಟ್ಟನಡುವೆ ಉದ್ದಕ್ಕೂ ಒಂದು ದಿಬ್ಬವಿರುತ್ತದೆ. ಹಿಂದಿನ ಸೀಟು ಇಬ್ಬರಿಗೆ ಅರಮನೆ, ನಡುವೆ ಕೂತ ಮೂರನೆಯವರಿಗೆ ಶಿಕ್ಷೆ. ಡಿಕ್ಕಿಯ ಕತೆಯೂ ಅಷ್ಟೆ. ಬಾಡಿಗೆಗೆ ಸಿಗುವವುಗಳಲ್ಲಿ ಹೋದ ತಲೆಮಾರಿನ ಇ-ಕ್ಲಾಸ್‌ಗಳು ಸಾಕಷ್ಟಿವೆ. ಅವುಗಳಲ್ಲಿ ಸ್ಟೆಪ್ನಿ ಡಿಕ್ಕಿಯೊಳಗೇ ಜಾಗ ಹಿಡಿದು ಕೂತಿರುತ್ತದೆ. ಎರಡು ದೊಡ್ಡ ಪೆಟ್ಟಿಗೆ ಇಟ್ಟ ಮೇಲೆ ಮೂರನೆಯದನ್ನು ಡ್ರೈವರ್ ಹೊತ್ತು ತಂದು ಮುಂದಿನ ಸೀಟಿನ ಮೇಲೆ ನಿಲ್ಲಿಸುತ್ತಾನೆ. ಅದಕ್ಕೆ ಬೆಲ್ಟ್ ಬೇರೆ ಹಾಕುತ್ತಾನೆ.

ಹಾಗಂತ ಇ-ಕ್ಲಾಸ್ ಕೆಟ್ಟ ಆಯ್ಕೆಯಲ್ಲ. ನಮ್ಮಲ್ಲಿ 2017ರಿಂದ ಮಾರುತ್ತಿರುವುದು ಉದ್ದ ವೀಲ್‌ಬೇಸಿನ ಇ-ಕ್ಲಾಸ್. ಕಾರು ಕೊಂಡವರು ಹಿಂದೆಯೇ ಕೂರುತ್ತಾರೆ ಅನ್ನುವುದನ್ನು ತಿಳಿದೇ ಕಂಪನಿ ಹಾಗೆ ಮಾಡಿದ್ದು. 2024ರಲ್ಲಿ ಬಂದ ಹೊಸದರ ವೀಲ್‌ಬೇಸ್ 3094 ಮಿ.ಮೀ., ಅದೇ ವರ್ಷ ಬಂದ ಬಿಎಂಡಬ್ಲ್ಯೂ 5 ಸೀರೀಸಿನದು 3105. ನಿಮ್ಮ ಡೈರೆಕ್ಟರು ಒಬ್ಬರೇ ಬಂದಿದ್ದು, ಕೈಯಲ್ಲೊಂದು ಬ್ಯಾಗು ಹಿಡಿದು ಬೆಂಗಳೂರಿನೊಳಗೇ ಎರಡು ಮೀಟಿಂಗ್ ಮುಗಿಸುವವರಾಗಿದ್ದರೆ ಎರಡನೇ ಯೋಚನೆಯಿಲ್ಲದೆ ಅದನ್ನೇ ತಗೊಳ್ಳಿ ಅನ್ನುತ್ತಿದ್ದೆ. ಆದರೆ ಅವರು ಬರುತ್ತಿರುವುದು ಕೈಗಾರಿಕಾ ಪ್ರದೇಶಕ್ಕೆ. ನಿಮ್ಮ ಗೇಟಿನ ಮುಂದಿನ ರಸ್ತೆಯ ಹಂಪ್‌ಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಲಾರಿಗಳ ವೇಗ ತಗ್ಗಿಸಲು ಸ್ಥಳೀಯರು ರಾತ್ರೋರಾತ್ರಿ ಹಾಕಿಸಿದ ಹಂಪ್‌ಗೆ ಆ ಅಳತೆ ಎಲ್ಲಿಂದ ಬರಬೇಕು? ನಾಲ್ಕು ಜನರ ಭಾರ ಹೊತ್ತ ಮೂರು ಮೀಟರ್ ವೀಲ್‌ಬೇಸಿನ ತಗ್ಗು ಕಾರು ಅದರ ಮೇಲೆ ಹೊಟ್ಟೆ ಉಜ್ಜಿಕೊಂಡೇ ದಾಟುವುದು. ಕ್ವಾಲಿಟಿ ವಿಭಾಗದವರಿಗೆ ನಿಮ್ಮ ಫ್ಯಾಕ್ಟರಿಯ ಮೊದಲ ಪರಿಚಯ ಆ ಸದ್ದಿನಿಂದ ಆಗಬಾರದು.

ಇನ್ನು ಮರ್ಯಾದೆಯ ವಿಷಯ. ನಿಮ್ಮ ಭಯದ ಬೇರು ಇರುವುದೇ ಅಲ್ಲಿ. ದೊಡ್ಡ ಮನುಷ್ಯರೆಂದರೆ ಉದ್ದನೆಯ ಸೆಡಾನ್, ಇನ್ನೋವಾ ಎಂದರೆ ಮದುವೆ ದಿಬ್ಬಣ, ತಿರುಪತಿ ಪ್ರವಾಸ ಎಂಬುದು ನಮ್ಮಲ್ಲಿನ ಎಣಿಕೆ. ಜಪಾನಿನ ಎಣಿಕೆ ಬೇರೆ. ಅಲ್ಲಿ ಕಂಪನಿ ಮುಖ್ಯಸ್ಥರು, ಮಂತ್ರಿಗಳು ಓಡಾಡುವುದು ಈಗ ಹೆಚ್ಚಾಗಿ ಟೊಯೊಟಾ ಆಲ್ಫರ್ಡ್‌ನಲ್ಲಿ. ಅದು ಪಕ್ಕಕ್ಕೆ ಸರಿಯುವ ಬಾಗಿಲಿನ, ಎತ್ತರದ ಎಂಪಿವಿ. ಅದರ ಅವಳಿಯೇ ನಮ್ಮಲ್ಲಿ ಸಿಗುವ ವೆಲ್‌ಫೈರ್. 1967ರಿಂದ ತಯಾರಾಗುತ್ತಿರುವ ಟೊಯೊಟಾ ಸೆಂಚುರಿ ಅಲ್ಲಿನ ರಾಜಮನೆತನದ ಕಾರು. ಅದರ ಸೀಟಿಗೂ ಬಹುಕಾಲ ಚರ್ಮಕ್ಕಿಂತ ಉಣ್ಣೆ ಬಟ್ಟೆಯನ್ನೇ ಇಷ್ಟಪಟ್ಟರು, ಚರ್ಮ ಕಿರುಗುಟ್ಟುತ್ತದೆ ಅಂತ. ಅವರು ದೊಡ್ಡಸ್ತಿಕೆಯನ್ನು ಹುಡುಕುವುದು ಸದ್ದಿಲ್ಲದಿರುವುದರಲ್ಲಿ. ಬಾನೆಟ್ ಮೇಲಿನ ನಕ್ಷತ್ರ ಕಂಡು ನಿಮ್ಮ ಅತಿಥಿಗಳು ಮನಸ್ಸು ಬದಲಿಸುತ್ತಾರೆ ಎಂದು ನನಗಂತೂ ಅನ್ನಿಸುವುದಿಲ್ಲ.

ಹಳದಿ ಬೋರ್ಡಿನ ಬಗ್ಗೆ ಭಾವನವರಿಗೆ ಒಂದು ತಮಾಷೆ ಹೇಳಿ. ಜಪಾನಿನಲ್ಲಿ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇರುವುದು 660 ಸಿಸಿಯ ಪುಟಾಣಿ ಖಾಸಗಿ ಕಾರುಗಳಿಗೆ. ಬಾಡಿಗೆ ವಾಹನಗಳಿಗೆ ಅಲ್ಲಿ ಹಸಿರು ಪ್ಲೇಟು. ಹಾಗಾಗಿ ಹಳದಿ ಬೋರ್ಡಿನ ದೊಡ್ಡ ಗಾಡಿ ಕಂಡು ಅವರಿಗೆ ನಗು ಬಂದೀತೇ ಹೊರತು ಅವಮಾನವೇನೂ ಆಗದು. ನಿಜವಾದ ತೊಂದರೆ ಇರುವುದು ಭಾವನವರ ಬಿಳಿ ಬೋರ್ಡಿನಲ್ಲಿ. ಖಾಸಗಿ ಕಾರನ್ನು ದುಡ್ಡು ತೆಗೆದುಕೊಂಡು ಬಾಡಿಗೆಗೆ ಓಡಿಸುವುದು ಪರ್ಮಿಟ್ ಇಲ್ಲದ ಓಡಾಟ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೆ 10,000 ರೂಪಾಯಿ ದಂಡವಿದೆ, ಜೈಲಿಗೂ ಅವಕಾಶವಿದೆ. ದಂಡ ಕಟ್ಟಿ ಕೈತೊಳೆದುಕೊಳ್ಳಬಹುದು ಅನ್ನಿ. ಆದರೆ ದಾರಿಯಲ್ಲಿ ಏನಾದರೂ ಆಗಿ ವಿಮೆ ಕಂಪನಿಯವರಿಗೆ ಬಾಡಿಗೆಯ ವಾಸನೆ ಬಡಿದರೆ ಕ್ಲೇಮ್ ತಿರಸ್ಕರಿಸಲು ಅಷ್ಟು ಸಾಕು. ಆಗ ಹಾಳಾಗುವುದು ಆರ್ಡರ್ ಮಾತ್ರವಲ್ಲ, ಅಕ್ಕನ ಮನೆಯ ಸಂಬಂಧ ಕೂಡ. ದುಡ್ಡಿಲ್ಲದೆ ಪ್ರೀತಿಯಿಂದ ಕೊಟ್ಟರೆ ಕಾನೂನಿನ ತಕರಾರಿಲ್ಲ. ಆಗಲೂ ಮೇಲೆ ಹೇಳಿದ ದಿಬ್ಬ, ಡಿಕ್ಕಿ, ಹಂಪ್ ಮೂರೂ ಇದ್ದಲ್ಲೇ ಇರುತ್ತವೆ.

ನನ್ನ ಆಯ್ಕೆ ಇಷ್ಟು. ದುಡ್ಡಿಗೆ ಯೋಚನೆಯಿಲ್ಲದಿದ್ದರೆ ಮತ್ತು ಸಿಕ್ಕರೆ ವೆಲ್‌ಫೈರ್. ಬಾಡಿಗೆಗೆ ಇರುವುದೇ ಕಡಿಮೆ, ಬಾಡಿಗೆಯೂ ಇ-ಕ್ಲಾಸ್‌ಗಿಂತ ಕಡಿಮೆಯೇನಿಲ್ಲ. ಇಲ್ಲವಾದರೆ ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಅದೂ ನಡುಸಾಲಿನಲ್ಲಿ ಎರಡು ಕ್ಯಾಪ್ಟನ್ ಸೀಟು ಇರುವಂಥದ್ದು. "ಹೈಕ್ರಾಸ್ ಕಳಿಸಿ" ಅಂತಷ್ಟೇ ಹೇಳಿದರೆ ಟ್ರಾವೆಲ್ಸ್‌ನವರು ಉದ್ದ ಬೆಂಚ್ ಸೀಟಿನ ಎಂಟು ಜನರ ಗಾಡಿಯನ್ನೋ, ಹೈಬ್ರಿಡ್ ಅಲ್ಲದ ಬರೀ ಪೆಟ್ರೋಲ್ ಗಾಡಿಯನ್ನೋ ಕಳಿಸಿಬಿಡುತ್ತಾರೆ. ಹೈಬ್ರಿಡ್ ಯಾಕೆ ಎಂದರೆ ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಸಾಗುವಾಗ ಅದು ಬ್ಯಾಟರಿಯಲ್ಲಿ ಸದ್ದಿಲ್ಲದೆ ಸರಿಯುತ್ತದೆ. ಡೀಸೆಲ್ ಕ್ರಿಸ್ಟಾ ಗಟ್ಟಿ ಗಾಡಿಯೇ, ಗುಡುಗುವುದು ಮಾತ್ರ ತಪ್ಪುವುದಿಲ್ಲ. ರಾತ್ರಿ ಹನ್ನೊಂದೆಂದರೆ ನಿಮ್ಮ ಅತಿಥಿಗಳ ಮೈಯೊಳಗಿನ ಗಡಿಯಾರದಲ್ಲಿ ನಸುಕಿನ ಎರಡೂವರೆ ಅನ್ನುವುದು ನೆನಪಿರಲಿ. ಹಿರಿಯರಿಬ್ಬರು ಕ್ಯಾಪ್ಟನ್ ಸೀಟಿನಲ್ಲಿ, ಕಿರಿಯ ಎಂಜಿನಿಯರ್ ಡ್ರೈವರ್ ಪಕ್ಕದಲ್ಲಿ, ಹಿಂದಿನ ಸಾಲು ಮಡಚಿ ಅಲ್ಲಿ ಪೆಟ್ಟಿಗೆಗಳು. ನೀವು ಅದೇ ಕಾರಿಗೆ ಹತ್ತಬೇಡಿ. ಸ್ವಾಗತಕ್ಕೆ ಹೋಗುವುದಾದರೆ ನಿಮ್ಮ ಗಾಡಿಯಲ್ಲಿ ಹೋಗಿ, ನಮಸ್ಕಾರ ಹೇಳಿ ಬೀಳ್ಕೊಡಿ. ಆ ಹೊತ್ತಿನಲ್ಲಿ ವ್ಯವಹಾರ ಮಾತಾಡಿಸಿದರೆ ಯಾರಿಗೂ ಹಿತವಾಗದು. ಅಂದಹಾಗೆ, ಇನ್ನೋವಾ ತಯಾರಾಗುವುದು ನಮ್ಮ ಬಿಡದಿಯಲ್ಲಿ. ಉತ್ಪಾದನೆಯ ಜನರಿಗೆ ಮರುದಿನ ಊಟಕ್ಕೆ ಕೂತಾಗ ಮಾತಿಗೆ ಒಳ್ಳೆಯ ವಿಷಯ.

ಕೂರುವ ಜಾಗದ ವಿಷಯಕ್ಕೆ ಬಂದೆ. ನಮ್ಮಲ್ಲಿ 'ಸಾಹೇಬರ ಸೀಟು' ಎಂದರೆ ಹಿಂದಿನ ಎಡಬದಿ. ಮುಂದಿನ ಸೀಟನ್ನು ಅಲ್ಲಿಂದಲೇ ಮುಂದಕ್ಕೆ ತಳ್ಳುವ ಗುಂಡಿ ಕೂಡ ದೊಡ್ಡ ಕಾರುಗಳಲ್ಲಿ ಆ ಬದಿಗೇ ಇರುತ್ತದೆ. ಜಪಾನಿನಲ್ಲೂ ವಾಹನಗಳು ನಮ್ಮಂತೆ ಎಡಗಡೆಯೇ ಓಡಿದರೂ, ಡ್ರೈವರ್ ಇರುವ ಕಾರಿನಲ್ಲಿ ಹಿರಿಯರ ಜಾಗ ಡ್ರೈವರ್‌ನ ನೇರ ಹಿಂದೆ ಎಂಬುದು ಅಲ್ಲಿನ ರೂಢಿ. ನಮ್ಮ ಡ್ರೈವರ್‌ಗಳು ಗೌರವವೆಂದುಕೊಂಡೇ "ಸರ್, ದಿಸ್ ಸೈಡ್" ಎಂದು ಎಡಬಾಗಿಲಿಗೆ ಕರೆದು ಒತ್ತಾಯ ಮಾಡುತ್ತಾರೆ. ಬಾಗಿಲು ತೆರೆದು ಸುಮ್ಮನೆ ನಿಲ್ಲಬೇಕು, ಯಾರು ಎಲ್ಲಿ ಎಂಬುದನ್ನು ಅವರೇ ತೀರ್ಮಾನಿಸಿಕೊಳ್ಳುತ್ತಾರೆ ಎಂದು ಮೊದಲೇ ತಿಳಿಸಿ. ಬಲಬಾಗಿಲಿನಿಂದ ಇಳಿಯುವಾಗ ಮಾತ್ರ ಡ್ರೈವರ್ ಮೊದಲು ಇಳಿದು ಹಿಂದಿನಿಂದ ಬರುವ ಬೈಕುಗಳನ್ನು ನೋಡಿಕೊಳ್ಳಲಿ.

ಡ್ರೈವರ್ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕೆಂದರೆ ಕಾರಿನ ಮುಕ್ಕಾಲು ಬೆಲೆ ಅವನೇ. ದೊಡ್ಡ ಹೋಟೆಲುಗಳ ಡ್ಯೂಟಿ ಮಾಡಿ ಪಳಗಿದವರನ್ನು ಕೇಳಿ. ಒಬ್ಬನಲ್ಲ, ಇಬ್ಬರು ಬೇಕು. ನಡುರಾತ್ರಿ ಹೋಟೆಲಿಗೆ ಬಿಟ್ಟ ಡ್ರೈವರ್ ಪಾರ್ಕಿಂಗ್‌ನಲ್ಲೇ ಸೀಟು ಹಿಂದಕ್ಕೆ ಚಾಚಿ, ಗಾಜು ಎರಡು ಬೆರಳಿನಷ್ಟು ಇಳಿಸಿ ಮಲಗಿ, ಅಲ್ಲೇ ಮುಖ ತೊಳೆದು, ಬೆಳಗ್ಗೆ ಏಳಕ್ಕೆ ಅದೇ ಶರ್ಟಿನಲ್ಲಿ ಮತ್ತೆ ಸ್ಟೀರಿಂಗ್ ಹಿಡಿಯುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ನಿದ್ದೆಗೆಟ್ಟವನ ಕೈಗೆ ನೆಲಮಂಗಲದ ಹೆದ್ದಾರಿಯಲ್ಲಿ ನಿಮ್ಮ ಆರ್ಡರನ್ನು ಒಪ್ಪಿಸಬೇಡಿ. ಬೆಳಗಿನ ಪಾಳಿಗೆ ಬೇರೆ ಡ್ರೈವರ್ ಎಂದು ಬರೆದು ತರಿಸಿಕೊಳ್ಳಿ, ಅದಕ್ಕೆ ಹೆಚ್ಚು ಬಾಟಾ ಕೊಡಬೇಕಾದರೆ ಕೊಡಿ. ಡ್ಯಾಶ್‌ಬೋರ್ಡಿನ ಸೆಂಟ್ ಬಾಟಲಿ ತೆಗೆಸಿ. ದೇವರ ಫೋಟೊ ಇರಲಿ, ಊದುಬತ್ತಿ ಹಿಂದಿನ ದಿನವೇ ಮುಗಿಯಲಿ. ಸ್ಪೀಕರ್ ಫೋನಿನಲ್ಲಿ ಮನೆಯವರ ಜೊತೆ ಮಾತು ಬೇಡ. ಹಾರ್ನ್ ಆದಷ್ಟೂ ಕಡಿಮೆ. ಟೋಕಿಯೋದಲ್ಲಿ ಹಾರ್ನ್ ಕೇಳಿಸುವುದೇ ಅಪರೂಪ.

ಕಾರು ಬಂದ ತಕ್ಷಣ ಹಿಂದಿನ ಸೀಟಿನ ಬೆಲ್ಟ್ ನೀವೇ ಎಳೆದು ಸಿಕ್ಕಿಸಿ ನೋಡಿ. ಬಾಡಿಗೆ ಗಾಡಿಗಳಲ್ಲಿ ಬಿಳಿ ಸೀಟ್ ಕವರ್ ಹೊದಿಸುವ ಭರದಲ್ಲಿ ಬಕಲ್ ಅದರಡಿ ಹೂತುಹೋಗಿರುತ್ತದೆ, ಬೆರಳು ತೂರಿಸಿ ಹುಡುಕಬೇಕು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿಯ ಅಪಘಾತದಲ್ಲಿ ತೀರಿಕೊಂಡಾಗ ಅವರು ಕೂತಿದ್ದುದು ಮರ್ಸಿಡಿಸ್‌ನ ಹಿಂಬದಿ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ, ಹಾಕದಿದ್ದರೆ 1,000 ರೂಪಾಯಿ ದಂಡ.

ಇನ್ನೊಂದು ಸಲಹೆ, ನೀವು ಕೇಳದ್ದು. ಅವರನ್ನು ಬೆಂಗಳೂರಿನೊಳಗೆ ಯಾಕೆ ಕರೆದೊಯ್ಯುತ್ತೀರಿ? ನಗರದಲ್ಲಿ ಬೇರೆ ಕೆಲಸವಿಲ್ಲದಿದ್ದರೆ ಮೊದಲ ರಾತ್ರಿ ವಿಮಾನ ನಿಲ್ದಾಣದ ಹತ್ತಿರವೇ ಮಲಗಲಿ. ಆವರಣದಲ್ಲೇ ತಾಜ್ ಇದೆ, ದೇವನಹಳ್ಳಿ ಸುತ್ತ ಇನ್ನೂ ಹಲವು ಹೋಟೆಲುಗಳಿವೆ. ಬೆಳಗ್ಗೆ ದೊಡ್ಡಬಳ್ಳಾಪುರದ ಮೇಲೆ ಸ್ಯಾಟಲೈಟ್ ಟೌನ್ ರಿಂಗ್ ರೋಡಿನಲ್ಲಿ ದಾಬಸ್‌ಪೇಟೆಗೆ ಬಂದು ತುಮಕೂರು ಹೆದ್ದಾರಿ ಸೇರಿದರೆ ಹೆಬ್ಬಾಳ, ಗೊರಗುಂಟೆಪಾಳ್ಯ ಎರಡೂ ತಪ್ಪುತ್ತವೆ. ಯಾವ ಬೆಂಜ್ ಕೂಡ ಗೊರಗುಂಟೆಪಾಳ್ಯದ ಸಿಗ್ನಲ್ಲನ್ನು ಬೇಗ ದಾಟಿಸಲಾರದು.

ಬಿಲ್ಲಿನಲ್ಲಿ ಎಡವುವ ಜಾಗ ಎರಡು. ನಗರದೊಳಗಾದರೆ 8 ಗಂಟೆ 80 ಕಿ.ಮೀ. ಪ್ಯಾಕೇಜು, ಲೆಕ್ಕ ಶುರುವಾಗುವುದು ಅವರ ಗ್ಯಾರೇಜಿನಿಂದ, ಮುಗಿಯುವುದೂ ಅಲ್ಲೇ. ತುಮಕೂರು ಔಟ್‌ಸ್ಟೇಷನ್ ಆಗುವುದರಿಂದ ನೀವು ಎಷ್ಟು ಓಡಿದರೂ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಹಾಕುತ್ತಾರೆ, ದಿನವನ್ನು ಕ್ಯಾಲೆಂಡರ್ ಪ್ರಕಾರ ಎಣಿಸುತ್ತಾರೆ. ರಾತ್ರಿ ಹನ್ನೊಂದರ ಪಿಕಪ್ ಅದೇ ಬುಕಿಂಗಿನಲ್ಲಿ ಸೇರಿಕೊಂಡರೆ ಒಂದು ಗಂಟೆಗೆ ಒಂದಿಡೀ ದಿನದ ಬಾಡಿಗೆ. ಅದನ್ನು ಬೇರೆಯಾಗಿ, ಏರ್‌ಪೋರ್ಟ್ ಟ್ರಾನ್ಸ್‌ಫರ್ ಎಂದು ಬುಕ್ ಮಾಡಿ. ಜಿಎಸ್‌ಟಿ 5 ಅಥವಾ 18 ಪರ್ಸೆಂಟ್ ಇರುತ್ತದೆ. ಇಂಥ ಕಾರಿನ ಬಾಡಿಗೆಗೆ ಕಟ್ಟಿದ ತೆರಿಗೆ ಸಾಮಾನ್ಯವಾಗಿ ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುವುದಿಲ್ಲ, ಹಾಗಾಗಿ 5ರ ಬಿಲ್ಲೇ ಒಳ್ಳೆಯದು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ರಿವರ್ಸ್ ಚಾರ್ಜ್ ಬೀಳುತ್ತದೆಯೇ ಎಂದು ಆಡಿಟರ್‌ಗೆ ಒಂದು ಮಾತು ಕೇಳಿ.

ಭಾವನವರಿಗೆ ಬೇಜಾರಾಗಬಾರದು ಎಂದಿದ್ದರೆ, ಕೊನೆಯ ದಿನ ಹೋಟೆಲಿನಲ್ಲಿ ಊಟ ಇಟ್ಟುಕೊಂಡು ಅವರನ್ನೂ ಕರೆಯಿರಿ. ಅವರ ಬೆಂಜ್‌ನಲ್ಲಿ ಅಕ್ಕ, ಭಾವ, ನೀವು, ಅಪ್ಪ ಹೋಗಿ ಇಳಿಯಿರಿ. ಹಿಂದಿನ ಎಡಸೀಟು ಅಪ್ಪನಿಗೆ.