ಉದ್ದಗಾಲಿನ ಹಸಿರು ನೊಣ ಮತ್ತು ಅದಕ್ಕೆ ಹೆಸರಿಡುವ ಕ್ರಮ



ಕಳೆದ ಬೇಸಿಗೆಯಲ್ಲಿ ಚಳ್ಳಕೆರೆ ತಾಲ್ಲೂಕಿನ ವೇದಾವತಿ ದಂಡೆಯ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ಮೇಜಿನ ಮೇಲೆ ಒಂದು ಸೀಸೆ ಇಟ್ಟರು. "ಸ್ವಾಮಿ, ಅಡಿಕೆ ಸೋಗೆಯೆಲ್ಲ ಹಳದಿಗೆ ತಿರುಗ್ತಾ ಐತೆ. ಇದೇ ನೋಡ್ರಿ ಆ ಹುಳ. ಎರಡು ಸಲ ಔಷಧಿ ಹೊಡೆಸಿದೆ, ಹಳದಿ ಜಾಸ್ತಿ ಆಯ್ತೇ ಹೊರತು ಕಮ್ಮಿ ಆಗ್ಲಿಲ್ಲ" ಎಂದರು. ಸೀಸೆಯಲ್ಲಿದ್ದವು ಏಳೆಂಟು ಸಣ್ಣ ನೊಣಗಳು. ನವಿಲಿನ ಕೊರಳಿನಂತೆ ಹೊಳೆಯುವ ಹಸಿರು ಮೈ, ಕಡ್ಡಿಯಂತಹ ಉದ್ದ ಕಾಲು. ಅವರು ಜೊತೆಗೆ ತಂದಿದ್ದ ಸೋಗೆಯ ತುಂಡನ್ನು ಮಗುಚಿ ಭೂತಗನ್ನಡಿ ಹಿಡಿದಾಗ ನಿಜವಾದ ಕಳ್ಳ ಸಿಕ್ಕಿಬಿದ್ದ. ಎಲೆಯ ಅಡಿಭಾಗದಲ್ಲಿ ಕುಂಕುಮದ ಪುಡಿ ಚೆಲ್ಲಿದಂತೆ ಕೆಂಪು ನುಸಿ ಕೂತಿತ್ತು.

ಆ ಸದಸ್ಯರನ್ನು ನಾವು ಆಕ್ಷೇಪಿಸುವುದಿಲ್ಲ. ಹಿಂದೊಮ್ಮೆ ನಮ್ಮದೇ ತೋಟದಲ್ಲಿ ನಾವೂ ಇದೇ ನೊಣಕ್ಕೆ ಔಷಧಿ ಹೊಡೆಸಿದ್ದುಂಟು. ಪದವಿಯ ಕಾಗದ ಪೆಟ್ಟಿಗೆಯಲ್ಲೇ ಇತ್ತು. ಮೊಳಕಾಲ್ಮುರಿನ ಕಡೆ ಹಿಪ್ಪುನೇರಳೆ ಇಟ್ಟು ರೇಷ್ಮೆಹುಳು ಸಾಕಿದವರಿಗಂತೂ ನೊಣವೆಂದರೆ ಊಜಿ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಗೂಡಿನ ಜೊತೆ ನಮ್ಮ ರಾಜ್ಯಕ್ಕೆ ಬಂದ ಆ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಎಷ್ಟೋ ಮನೆಗಳ ಬೆಳೆಯನ್ನು ಹಾಳುಮಾಡಿತು. ಹಾಗಾಗಿ ತೋಟದಲ್ಲಿ ಹೊಸ ನೊಣ ಕಂಡ ಕೂಡಲೇ ಕೈ ಪಂಪಿನ ಕಡೆ ಹೋಗುವುದು ಸಹಜ.

ಆದರೆ ಸೀಸೆಯಲ್ಲಿದ್ದ ನೊಣ ಬೇರೆ ಕುಟುಂಬದ್ದು. ಇದರ ಕುಟುಂಬದ ಹೆಸರು ಡಾಲಿಕೊಪೋಡಿಡೀ. ಗ್ರೀಕ್ ಭಾಷೆಯಲ್ಲಿ 'ಡಾಲಿಕೋಸ್' ಎಂದರೆ ಉದ್ದ, 'ಪೋಡೋಸ್' ಎಂದರೆ ಕಾಲಿನದು. ಬೆಳೆದ ನೊಣ ಎಲೆಯ ಮೇಲೆ ಕಾಲೆತ್ತರಿಸಿ ನಿಂತು, ತಟ್ಟನೆ ಮುಂದಕ್ಕೆ ಓಡಿ, ಸಸ್ಯಹೇನು, ಥ್ರಿಪ್ಸ್, ನುಸಿಯಂತಹ ಮೃದು ಮೈಯ ಜೀವಿಗಳನ್ನು ಹಿಡಿದು ಹಿಂಡಿ ಕುಡಿಯುತ್ತದೆ. ಮರಿಹುಳುಗಳು ತೇವದ ಮಣ್ಣು, ಕೊಳೆತ ತರಗು, ಕಾಲುವೆಯ ಅಂಚಿನ ಕೆಸರಿನಲ್ಲಿರುತ್ತವೆ. ಅವುಗಳಲ್ಲಿಯೂ ಬಹುಪಾಲು ಬೇಟೆಗಾರರೇ. ಸುತ್ತ ಶೇಂಗಾ ಹೊಲ, ಕಾವಲು, ಬಂಡೆಗುಡ್ಡಗಳಿರುವ ನಮ್ಮ ಒಣಸೀಮೆಯಲ್ಲಿ ಅಂತಹ ತೇವ ಬೇಸಿಗೆಯಲ್ಲಿ ಉಳಿಯುವುದು ಕೊಳವೆಬಾವಿ ನೀರಿನ ಅಡಿಕೆ ಪಾತಿಯಲ್ಲಿ.

ನುಸಿಗೆ ಎಂಟು ಕಾಲು. ಅದು ಕೀಟವಲ್ಲ, ಜೇಡದ ಬಳಗ. ಕೀಟಕ್ಕೆಂದು ಮಾರುವ ಎಷ್ಟೋ ಔಷಧಿಗಳು ಅದಕ್ಕೆ ನಾಟುವುದಿಲ್ಲ, ಅದನ್ನು ತಿನ್ನುವವರನ್ನು ಮಾತ್ರ ಕೊಲ್ಲುತ್ತವೆ. ಎರಡು ಸಲ ಹೊಡೆದ ಮೇಲೆ ಹಳದಿ ಹೆಚ್ಚಾದದ್ದಕ್ಕೆ ನಾವು ಕಂಡುಕೊಂಡ ಕಾರಣ ಇದು. ಹಸಿರು ನೊಣವೊಂದೇ ನುಸಿಯನ್ನು ನಿಲ್ಲಿಸುತ್ತದೆಂದು ನಮ್ಮ ವಾದವಲ್ಲ. ಗುಲಗಂಜಿ ಹುಳ ಮತ್ತು ನುಸಿಯನ್ನೇ ತಿನ್ನುವ ನುಸಿಗಳೂ ಆ ಕೆಲಸದಲ್ಲಿ ಪಾಲುದಾರರು.

ಸೀಸೆಯನ್ನು ನಾವು ಬೆಂಗಳೂರಿನ ಕೀಟತಜ್ಞರೊಬ್ಬರಲ್ಲಿಗೆ ಕೊಂಡೊಯ್ದೆವು. ಅವರ ಮೊದಲ ಪ್ರಶ್ನೆ: ಯಾವ ಊರು, ಯಾವ ತಾರೀಖು, ಹಿಡಿದವರಾರು? ಸೀಸೆಯ ಮೇಲೆ ಚೀಟಿ ಇರಲಿಲ್ಲ. ಎರಡನೆಯದು: ಗಂಡು ಇದೆಯೇ? ಇದ್ದವೆಲ್ಲ ಹೆಣ್ಣು, ಅರ್ಧಕ್ಕರ್ಧ ಕಾಲು ಮುರಿದವು. ಎರಡು ಕಣ್ಣುಗಳ ನಡುವೆ ನೆತ್ತಿ ಗುಳಿಬಿದ್ದಿರುವುದನ್ನೂ, ರೆಕ್ಕೆಯ ನಡುನರ ಕವಲೊಡೆದಿರುವುದನ್ನೂ ನೋಡಿ, ಸಯಾಪೊಡಿನೀ ಎಂಬ ಉಪಕುಟುಂಬದವು ಎಂದಷ್ಟೇ ಹೇಳಿ ಕೈತೊಳೆದರು. ನಮಗೆ ನಾಚಿಕೆಯಾಯಿತು. ಆದರೆ ಅಂದು ಅವರ ಮೇಜಿನ ಮುಂದೆ ಕಲಿತದ್ದನ್ನು ಸದಸ್ಯರೆದುರು ಇಡಬೇಕೆನಿಸಿತು.

ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಲೆಕ್ಕ ಸ್ವೀಡನ್ನಿನ ಲಿನ್ನೇಯಸ್ ಪಂಡಿತನ 1758ರ ಗ್ರಂಥದಿಂದ ಶುರುವಾಗುತ್ತದೆ. ಆತ ಒಂದು ಉದ್ದಗಾಲಿನ ನೊಣವನ್ನು ಮನೆನೊಣದ ಖಾತೆಯಲ್ಲೇ ಸೇರಿಸಿ 'ಮಸ್ಕಾ ಉಂಗುಲೇಟಾ' ಎಂದು ಕರೆದ. 1796ರಲ್ಲಿ ಫ್ರಾನ್ಸಿನ ಲಾಟ್ರೆಯ್ 'ಡಾಲಿಕೋಪಸ್' ಎಂಬ ಹೊಸ ಜಾತಿಯನ್ನು ಸ್ಥಾಪಿಸಿದ ಮೇಲೆ ಅದು 'ಡಾಲಿಕೋಪಸ್ ಉಂಗುಲೇಟಸ್' ಆಯಿತು. ಈಗ ಬರೆಯುವಾಗ ಲಿನ್ನೇಯಸನ ಹೆಸರನ್ನೂ ವರ್ಷವನ್ನೂ ಕಂಸದೊಳಗೆ ಹಾಕುತ್ತಾರೆ. ಹೆಸರಿಟ್ಟವನು ಇವನೇ, ಆದರೆ ಖಾತೆ ಬದಲಾಗಿದೆ ಎಂದು ಅದರ ಅರ್ಥ. ಪಹಣಿಯಲ್ಲಿ ಮ್ಯುಟೇಶನ್ ನೋಡಿ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಡಿಯಾದಿಂದ ಆಸ್ಟ್ರೇಲಿಯಾವರೆಗಿನ ಈ ಕುಟುಂಬದ ನೊಣಗಳನ್ನು ಒಟ್ಟುಗೂಡಿಸಿ ಜರ್ಮನಿಯ ಥಿಯೋಡರ್ ಬೆಕರ್ 1922ರಲ್ಲಿ ದೊಡ್ಡ ಗ್ರಂಥ ಬರೆದರು. ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದ ಪ್ರಭೇದಗಳು 7,000ಕ್ಕೂ ಹೆಚ್ಚು. ಇನ್ನೂ ಪ್ರತಿವರ್ಷ ಹೊಸವು ಸೇರುತ್ತಲೇ ಇವೆ.

ಹೊಸದೆಂದು ತೀರ್ಮಾನಿಸುವುದು ಸುಲಭದ ಕೆಲಸವಲ್ಲ. ಹಸಿರು ಬಣ್ಣ ನೂರಾರು ಪ್ರಭೇದಗಳಿಗೆ ಸಮಾನ. ಆದ್ದರಿಂದ ಮೈಮೇಲಿನ ಬಿರುಗೂದಲುಗಳ ಸ್ಥಾನ, ಮೀಸೆಯ ಆಕಾರ, ರೆಕ್ಕೆಯ ನರಗಳ ಬಾಗು ಇವನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ನೋಡಬೇಕು. ಗಂಡುನೊಣದ ಕಾಲಿನಲ್ಲಿ ಕೆಲವೊಮ್ಮೆ ಪತಾಕೆಯಂತಹ ಅಲಂಕಾರವಿರುತ್ತದೆ. ಹೆಣ್ಣಿನ ಮುಂದೆ ಅದನ್ನು ಬೀಸಿ ತೋರಿಸುವುದು ಅವುಗಳ ಪದ್ಧತಿ. ಕೊನೆಯ ಸಾಕ್ಷಿ ಗಂಡಿನ ಜನನಾಂಗ. ಅದು ಹೊಟ್ಟೆಯ ತುದಿಯಲ್ಲಿ ಮುಂದಕ್ಕೆ ಮಡಚಿಕೊಂಡಿರುತ್ತದೆ. ಕ್ಷಾರದ್ರಾವಣದಲ್ಲಿ ಬೇಯಿಸಿ ಮಾಂಸ ಕರಗಿಸಿ, ಉಳಿದ ಚಿಪ್ಪಿನ ಚಿತ್ರ ಬರೆಯುತ್ತಾರೆ. ಹೊರಗೆ ಒಂದೇ ಅಚ್ಚಿನಂತೆ ಕಾಣುವ ಎರಡು ನೊಣಗಳು ಇಲ್ಲಿ ಬೇರೆಯಾಗುತ್ತವೆ. ತಜ್ಞರು ಗಂಡನ್ನೇ ಕೇಳಿದ್ದು ಇದಕ್ಕೆ.

ಬಳಿಕ ಹಿಂದೆ ವರ್ಣಿಸಿದ ಹತ್ತಿರದ ಪ್ರಭೇದಗಳ ಜೊತೆ ಹೋಲಿಕೆ. ಎಲ್ಲಿಯೂ ಹೊಂದದಿದ್ದರೆ ಒಂದು ನೊಣವನ್ನು ಆರಿಸಿ ಅದನ್ನೇ ಆ ಹೆಸರಿಗೆ ಶಾಶ್ವತ ಆಧಾರವಾಗಿಡುತ್ತಾರೆ. ಅದಕ್ಕೆ ಹೋಲೊಟೈಪ್ ಎಂದು ಹೆಸರು. ಜೊತೆಯ ಉಳಿದವು ಪ್ಯಾರಾಟೈಪ್. 2000ನೇ ಇಸವಿಯಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮದಂತೆ ಅಂತಹ ಆಧಾರವನ್ನು ಗೊತ್ತುಪಡಿಸಿ, ಅದನ್ನು ಎಲ್ಲಿ ಇಡಲಾಗುವುದೆಂದು ಲೇಖನದಲ್ಲಿ ತಿಳಿಸದೆ ಹೊಸ ಹೆಸರು ಊರ್ಜಿತವಾಗುವುದಿಲ್ಲ. ಒಂದೇ ಸಾಲದೇ ಎಂದು ಕೇಳಿದೆವು. ಒಂದರ ಕೂದಲು ಉದುರಿದ್ದರೆ ಇನ್ನೊಂದರಲ್ಲಿ ನೋಡಬಹುದು ಎಂದರು. ನಮಗೆ ಮೊಳಕಾಲ್ಮುರು ತಾಲ್ಲೂಕಿನ ಅಶೋಕನ ಶಾಸನಗಳು ನೆನಪಾದವು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿ ಒಂದೇ ಆಜ್ಞೆಯ ಪಾಠವಿದೆ. ಒಂದು ಬಂಡೆಯಲ್ಲಿ ಸವೆದ ಅಕ್ಷರವನ್ನು ಇನ್ನೊಂದರಿಂದ ತುಂಬಿಕೊಂಡು ಓದುತ್ತಾರೆ.

ಇಷ್ಟೆಲ್ಲ ಮಾಡಿ ಬೆಳೆಗಾರನಿಗೇನು ಬಂತು ಎಂದು ಕೇಳುವವರಿದ್ದಾರೆ. ಅದೇ ಕೆಂಪು ನುಸಿಯ ಕಥೆ ಕೇಳಿ. 1924ರಲ್ಲಿ ಕೊಯಮತ್ತೂರಿನ ತೆಂಗಿನ ಗರಿಯಿಂದ ದೊರೆತ ನುಸಿಯನ್ನು ಹರ್ಸ್ಟ್ ಎಂಬ ವಿಜ್ಞಾನಿ 'ರಾವೊಯೆಲ್ಲಾ ಇಂಡಿಕಾ' ಎಂದು ವರ್ಣಿಸಿದರು. ಎಂಬತ್ತು ವರ್ಷಗಳ ಬಳಿಕ, 2004ರಲ್ಲಿ, ಸಮುದ್ರದಾಚೆಯ ಮಾರ್ಟಿನಿಕ್ ದ್ವೀಪದಲ್ಲಿ ಅದು ಕಾಣಿಸಿಕೊಂಡಿತು. 2007ರಲ್ಲಿ ಫ್ಲಾರಿಡಾ, 2009ರಲ್ಲಿ ಬ್ರೆಜಿಲ್ ಮುಟ್ಟಿತು. ಹೆಸರು ಮೊದಲೇ ಇದ್ದುದರಿಂದ ಅದು ಯಾವ ಗಿಡಗಳಿಗೆ ಬೀಳುತ್ತದೆ, ಅದರ ಶತ್ರುಗಳನ್ನು ಯಾವ ನಾಡಿನಲ್ಲಿ ಹುಡುಕಬೇಕು ಎಂಬುದು ಅಲ್ಲಿನವರಿಗೆ ಹಳೆಯ ಬರಹಗಳಿಂದಲೇ ಸಿಕ್ಕಿತು. ನುಸಿಗೆ ಸಿಕ್ಕ ಈ ಗೌರವ ನುಸಿಯನ್ನು ತಿನ್ನುವ ನೊಣಕ್ಕೆ ನಮ್ಮ ತೋಟದಲ್ಲಿ ಇನ್ನೂ ಸಿಕ್ಕಿಲ್ಲ.

ಬರುವ ಬೇಸಿಗೆಯಲ್ಲಿ ಸದಸ್ಯರು ಪಂಪು ಹೊರುವ ಮೊದಲು ಸೋಗೆಯನ್ನು ಮಗುಚಿ ನೋಡಬೇಕು. ನುಸಿ ಇರುವ ಮರಗಳನ್ನು ಗುರುತು ಹಾಕಿ, ಅವುಗಳ ಎಲೆಯ ಅಡಿಗೆ ಮಾತ್ರ, ನುಸಿಗೆಂದೇ ಶಿಫಾರಸಾದ ಔಷಧಿ ತಗುಲುವಂತೆ ಹೊಡೆಸಿರಿ, ತೋಟವಿಡೀ ಬೇಡ. ಹಸಿರು ನೊಣ ಕಂಡರೆ ಏಳೆಂಟನ್ನು ಬಟ್ಟೆಯ ಬಲೆಯಲ್ಲಿ ಹಿಡಿದು, ಹಿಂಡದೆ, ಆಸ್ಪತ್ರೆಯ ಸ್ಪಿರಿಟ್ ತುಂಬಿದ ಸಣ್ಣ ಸೀಸೆಗೆ ಹಾಕಿ ಸಂಘಕ್ಕೆ ತಲುಪಿಸಿರಿ. ಊರು, ತಾಲ್ಲೂಕು, ತಾರೀಖು, ಹಿಡಿದವರ ಹೆಸರು, ಯಾವ ಗಿಡದ ಮೇಲಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಸೀಸೆಯ ಒಳಗೇ ಹಾಕಬೇಕು. ಸೀಸದ ಕಡ್ಡಿಯಲ್ಲಿ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.